ಗಾಜಿನಕ್ಕನ ಎದುರು ಹಿಡಿದವರು

ಆಳೆತ್ತರದ ಗಾಜನ್ನು ಒಬ್ಬರೇ ಹೊರಲಿಕ್ಕಾಗುವುದಿಲ್ಲ. ಗಾಜಿನಕ್ಕ ಈ ಮಾತನ್ನು ಕೂತಲ್ಲಿ ನಿಂತಲ್ಲಿ ಹೇಳುತ್ತಿದ್ದಳು, ಕೇಳಿ ಕೇಳಿ ಅವಳ ಸೊಸೆಯ ಕಿವಿ ತೂತು ಬಿದ್ದಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಇದನ್ನು ಬರೀ ಕಸುಬಿನ ಮಾತು ಎಂದುಕೊಂಡಿದ್ದಳು. ಒಂದು ಅಂಚನ್ನು ಒಬ್ಬರು, ಎದುರಿನ ಅಂಚನ್ನು ಇನ್ನೊಬ್ಬರು ಹಿಡಿಯಬೇಕು, ಹೆಜ್ಜೆಗೆ ಹೆಜ್ಜೆ ಕೂಡಬೇಕು, ಇದರಲ್ಲೇನು ಮಹಾ. ಮಹಾ ಏನು ಎಂದು ತಿಳಿಯಲು ಅವಳಿಗೆ ಒಂದು ಕೆಟ್ಟ ಚಳಿಗಾಲವೇ ಬೇಕಾಯಿತು. ಈಗ ಯಾರಾದರೂ ಅವಳ ಮುಂದೆ ಅತ್ತೆಯಂದಿರ ಬಗ್ಗೆ ಹಗುರವಾಗಿ ಮಾತಾಡಿ ನೋಡಲಿ, ಅವರನ್ನು ಕೂರಿಸಿಕೊಂಡು ಈ ಕಥೆ ಪೂರ್ತಿ ಹೇಳುವ ತನಕ ಎದ್ದು ಹೋಗಲು ಬಿಡುವುದಿಲ್ಲ.

ಊರು ಕಾಲುವೆಯ ಎರಡೂ ದಡದಲ್ಲಿ ಹರಡಿಕೊಂಡಿದೆ. ಈ ದಡದವರು ಆ ದಡದವರನ್ನು ‘ಆಚೆಯವರು’ ಅನ್ನುತ್ತಾರೆ, ಆ ದಡದವರೂ ಇವರನ್ನು ‘ಆಚೆಯವರು’ ಅನ್ನುತ್ತಾರೆ. ಲೆಕ್ಕ ಹಾಕಿದರೆ ಊರಲ್ಲಿ ಈಚೆಯವರು ಒಬ್ಬರೂ ಇಲ್ಲ. ನಡುವೆ ಒಂದು ಸೇತುವೆ, ಸೇತುವೆಯ ಈ ತುದಿಯಲ್ಲಿ ಗಾಜಿನಕ್ಕನ ಕಾರ್ಖಾನೆ. ಕಾರ್ಖಾನೆ ಅಂದರೆ ಹೆಸರಿಗೆ ಮಾತ್ರ, ಇರುವುದು ಒಂದು ಉದ್ದನೆಯ ಕೋಣೆ. ಗೋಡೆಗೆ ಒರಗಿಸಿದ ಮರದ ಚೌಕಟ್ಟುಗಳಲ್ಲಿ ಗಾಜು ನಿಂತಿರುತ್ತದೆ, ಮಧ್ಯದಲ್ಲಿ ಕಂಬಳಿ ಹಾಸಿದ ಮೇಜು, ಮೂಲೆಯಲ್ಲಿ ಪುಟ್ಟಿಯ ಡಬ್ಬ. ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿ ನಾದಿ ಮಾಡುವ ಈ ಪುಟ್ಟಿಯೇ ಗಾಜನ್ನು ಕಿಟಕಿಗೆ ಕಚ್ಚಿ ಹಿಡಿಯುವುದು. ಅದರ ವಾಸನೆ ಆ ಮನೆಯವರ ಬಟ್ಟೆಗೆ, ಹಾಸಿಗೆಗೆ, ಕೂದಲಿಗೆ ಎಲ್ಲಾ ಅಂಟಿಕೊಂಡಿತ್ತು.

ಸಂಜೆ ಉಳಿದ ಪುಟ್ಟಿಯನ್ನು ಗಾಜಿನಕ್ಕ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ನಡುವೆ ಒಮ್ಮೆ ಒತ್ತಿ, ಹಿತ್ತಲಿಗೆ ಎಸೆಯುತ್ತಿದ್ದಳು. ಬಿಸಿಲಿಗೆ ಒಣಗಿ ಅದು ಕಲ್ಲಾಗುತ್ತಿತ್ತು. ಹಿತ್ತಲ ಬಾಗಿಲ ಪಕ್ಕದಲ್ಲಿ ಅಂಥ ಉಂಡೆಗಳ ಒಂದು ಗುಡ್ಡೆಯೇ ಇತ್ತು.

“ಬಿಸಾಕೋದಕ್ಕೆ ಹೆಬ್ಬೆಟ್ಟು ಯಾಕತ್ತೆ?” ಎಂದು ಸೊಸೆ ಒಮ್ಮೆ ಕೇಳಿದ್ದಳು.

“ನಾದಿದ್ದು ಹದ ಬಂದಿತ್ತಾ ಇಲ್ವಾ ಅಂತ ನೋಡೋಕೆ. ನಿಮ್ಮ ಮಾವನ ಚಾಳಿ. ಮನುಷ್ಯ ಹೋದ, ಚಾಳಿ ನನಗೆ ಬಿಟ್ಟುಹೋದ.”

ಗಾಜಿನಕ್ಕ ಕುಳ್ಳಿ, ದಪ್ಪ, ಕೋಪ ಸದಾ ಮೂಗಿನ ತುದಿಯಲ್ಲಿ. ಅಂಗೈ ತುಂಬ ಹಳೆಯ ಗಾಯಗಳ ಬಿಳಿ ಗೆರೆಗಳು. ಬೇಗ ಮಾಡಿಕೊಡಿ ಎಂದು ಯಾರಾದರೂ ಅವಸರಪಡಿಸಿದರೆ ಅಳತೆಯ ಕೋಲನ್ನು ಅವರ ಕೈಗೇ ಕೊಟ್ಟು, “ತಗೊಳ್ಳಿ, ನೀವೇ ಮಾಡ್ಕೊಳ್ಳಿ” ಅನ್ನುತ್ತಿದ್ದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ತನ್ನ ಕಾಲ ಈ ಜನ್ಮದಲ್ಲಿ ಬರುವ ಲಕ್ಷಣವಿಲ್ಲ ಎಂದು ಸೊಸೆ ಗಂಡನ ಹತ್ತಿರ ಗೊಣಗುತ್ತಿದ್ದಳು. ಗಂಡ ನಗುತ್ತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವನು ಒಂದು ನೊಣ ಹೊಡೆಯಲೂ ಎರಡು ಸಲ ಯೋಚಿಸುವ ಪ್ರಾಣಿ.

ಪುಟ್ಟಿ ನಾದುತ್ತಾ ಗಾಜಿನಕ್ಕ ಊರಿನ ಹಳೆಯ ಗಲಾಟೆಗಳ ಕಥೆ ಹೇಳುತ್ತಿದ್ದಳು. ಮೊದಲ ಸಲ ಆದದ್ದು ಅವಳ ಮಾವನ ಕಾಲದಲ್ಲಿ. ಗಿರಣಿಯ ಗೇಟಿನ ಬಳಿ ಇಬ್ಬರ ನಡುವೆ ಮಾತಿಗೆ ಮಾತು ಬೆಳೆದು ಒಬ್ಬನ ಹಲ್ಲು ಬಿತ್ತು. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಜನ, ಸೇತುವೆ ದಾಟುವಷ್ಟರಲ್ಲಿ ಬಿದ್ದ ಹಲ್ಲು ಬಿದ್ದ ತಲೆಯಾಯಿತು. ಆ ಸಲ ಒಡೆದದ್ದು ಸೇತುವೆ ಪಕ್ಕದ ಕಿಟಕಿಗಳು ಮಾತ್ರ. ಎರಡನೆಯ ಸಲ ಅವಳ ಗಂಡನ ಕಾಲಕ್ಕೆ. ಆಗ ಒಡೆದ ಕಿಟಕಿಗಳು ಮಾರುಕಟ್ಟೆಯ ತನಕ ಹೋದವು.

“ಮೊದಲನೇ ಸಲ ಎಸೆದವರು ಮುಖಕ್ಕೆ ಬಟ್ಟೆ ಕಟ್ಕೊಂಡಿದ್ರಂತೆ, ನಾಚಿಕೆ ಇತ್ತು,” ಎಂದು ಗಾಜಿನಕ್ಕ ಹೇಳುತ್ತಿದ್ದಳು. “ಅವತ್ತು ಅಪ್ಪನ ಹೆಗಲ ಮೇಲೆ ಕೂತು ಅದನ್ನ ನೋಡಿದ ಮಕ್ಕಳು ಬೆಳೆದು ದೊಡ್ಡವರಾದ್ರಲ್ಲ, ಎರಡನೇ ಸಲ ಅವರು ಮುಖ ತೋರಿಸ್ಕೊಂಡೇ ಎಸೆದ್ರು. ಮೂರನೇ ಸಲಕ್ಕೆ ಯಾವ ಬೀದಿ ತನಕ ಹೋಗತ್ತೋ.”

ಆ ಎರಡನೆಯ ಗಲಾಟೆಯಲ್ಲಿ ಗಾಜಿನಕ್ಕನ ಗಂಡ ಹೋದ. ಎದುರು ಹಿಡಿಯುತ್ತಿದ್ದ ಜೊತೆಗಾರ ಅವತ್ತು ಹೆದರಿ ಕೆಲಸಕ್ಕೆ ಬಂದಿರಲಿಲ್ಲ. ಆಸ್ಪತ್ರೆಯ ಕಿಟಕಿ ಕಾಯುವುದಿಲ್ಲ ಎಂದು ಅವನು ಗಾಜನ್ನು ಬೆನ್ನಿಗೆ ಕಟ್ಟಿಕೊಂಡು ಒಬ್ಬನೇ ಹೊರಟ. ಸೇತುವೆಯ ಮೇಲೆ ಎಲ್ಲಿಂದಲೋ ಒಂದು ಕಲ್ಲು ಬಂತು. ಕಲ್ಲು ಅವನಿಗೆ ತಾಗಲಿಲ್ಲ, ಬೆನ್ನ ಮೇಲಿನ ಗಾಜಿಗೆ ತಾಗಿತು. ಗಾಜು ಕುತ್ತಿಗೆ ಕೊಯ್ದಿತು. ಆಗ ಅವರ ಮಗ ಇನ್ನೂ ಮಾತು ಕಲಿಯುತ್ತಿದ್ದ.

ಅದಾದ ಮೇಲೆ ಗಾಜಿನಕ್ಕನಿಗೆ ಎದುರು ಹಿಡಿಯಲು ಬಂದವನು ಈ ದಡದವನಲ್ಲ, ಆಚೆ ದಡದ ಬೇಕರಿಯವನು. ಬೆಳಗಿನ ಬ್ರೆಡ್ಡು ಒಲೆಯಿಂದ ತೆಗೆದು, ಕೈ ತೊಳೆದು, ಸೇತುವೆ ದಾಟಿ ಬಂದು ಅವಳ ಗಾಜಿನ ಇನ್ನೊಂದು ಅಂಚು ಹಿಡಿಯುತ್ತಿದ್ದ. ಯಾಕೆ ಬಂದ, ಯಾರು ಕರೆದರು, ಯಾರಿಗೂ ಗೊತ್ತಿಲ್ಲ. ಜನ ಬಾಯಿಗೆ ಬಂದದ್ದು ಆಡಿಕೊಂಡರು, ಆಡಿ ಆಡಿ ಸುಸ್ತಾದರು. ಬರುವಾಗಲೆಲ್ಲ ಹುಡುಗನಿಗೆ ಒಂದು ಬನ್ನು ತರುತ್ತಿದ್ದ, ಹುಡುಗ ಅವನನ್ನು ಬನ್ನು ಮಾಮ ಎಂದೇ ಕರೆಯುತ್ತಿದ್ದ. ಸೊಂಟ ಕೈಕೊಡುವ ತನಕ, ಅಂದರೆ ಸೊಸೆ ಈ ಮನೆಗೆ ಬರುವ ತನಕ, ಅವನೇ ಅವಳ ಎದುರು ಹಿಡಿದವನು.

ಗಾಜಿನಕ್ಕನ ಪದ್ಧತಿ ಶುರುವಾದದ್ದೂ ಆಗಲೇ. ಜಗಳದಲ್ಲಿ ಒಡೆದ ಕಿಟಕಿಗೆ ಅವಳು ಸುಮ್ಮನೆ ಗಾಜು ಹಾಕುತ್ತಿರಲಿಲ್ಲ. ಒಡೆದವನು ಬರಬೇಕು, ಹೊಸ ಗಾಜಿನ ಎದುರು ಹಿಡಿದು ಬೀದಿಯಲ್ಲಿ ನಡೆಯಬೇಕು, ಆಮೇಲೆಯೇ ಕೆಲಸ. ಊರಲ್ಲಿ ಬೇರೆ ಗಾಜಿನವರಿರಲಿಲ್ಲ, ಹಾಗಾಗಿ ಬೈದುಕೊಂಡೇ ಬರುತ್ತಿದ್ದರು. ಒಮ್ಮೆ ಹೆಂಡತಿಯ ಮೇಲಿನ ಸಿಟ್ಟಿಗೆ ತನ್ನ ಮನೆಯ ಕಿಟಕಿಯನ್ನೇ ಒಡೆದ ಮೇಷ್ಟ್ರು ತಲೆ ತಗ್ಗಿಸಿ ಗಾಜು ಹಿಡಿದು ನಡೆದರೆ, ಹಿಂದಿನಿಂದ ಅವರ ಹೆಂಡತಿ, “ನೋಡ್ಕೊಂಡು ಹೆಜ್ಜೆ ಇಡಿ, ಇದು ಒಡೆದ್ರೆ ಇನ್ನೊಂದು ಸಲ ಮೆರವಣಿಗೆ” ಎನ್ನುತ್ತಾ ಬಂದಿದ್ದಳು. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಕ್ಕಿತ್ತು.

ಆ ಚಳಿಗಾಲ ಮಾತ್ರ ಯಾರೂ ನಗಲಿಲ್ಲ. ಆಚೆ ದಡದಲ್ಲಿ ಈ ದಡದ ಬಸ್ ಡ್ರೈವರನೊಬ್ಬನಿಗೆ ಯಾರೋ ಕಪಾಳಕ್ಕೆ ಹೊಡೆದರಂತೆ ಎಂದು ಬೆಳಗ್ಗೆ ಸುದ್ದಿ ಬಂತು. ಮಧ್ಯಾಹ್ನಕ್ಕೆ ಅವನ ಕೈ ಮುರಿದಿತ್ತು, ಸಂಜೆ ಹೊತ್ತಿಗೆ ಸತ್ತೇಹೋಗಿದ್ದ. ನಿಜಕ್ಕೂ ಆ ಡ್ರೈವರ್ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ, ಆದರೆ ಹೋಗಿ ನೋಡುವ ವ್ಯವಧಾನ ಯಾರಿಗಿತ್ತು. ಡಿಪೋದವರು ಗುಂಪಾಗಿ ಸೇತುವೆಯತ್ತ ಹೋದರು. ಸೊಸೆಯ ಗಂಡ ಕತ್ತಲಾದ ಮೇಲೆ ಮನೆಗೆ ಬಂದ. ಮುಖ ಕೆಂಪಾಗಿತ್ತು. ಎಂದೂ ಇಲ್ಲದ್ದು ಎರಡೆರಡು ಸಲ ಬಡಿಸಿಕೊಂಡು ಉಂಡ.

ಮರುದಿನ ಬೆಳಗ್ಗೆ ಬೇಕರಿಯಿಂದ ಹೇಳಿಕಳಿಸಿದರು, ಮುಂದಿನ ದೊಡ್ಡ ಕಿಟಕಿ ಹೋಗಿದೆ, ಅಳತೆಗೆ ಬನ್ನಿ ಎಂದು. ಅತ್ತೆ ಸೊಸೆ ಇಬ್ಬರೂ ಹೋದರು. ಆಚೆ ದಡದಲ್ಲಿ ಜನ ಮೂಲೆಮೂಲೆಯಲ್ಲಿ ಗುಂಪುಗಟ್ಟಿ ನಿಂತಿದ್ದರು, ಅಂಗಡಿಗಳ ಬಾಗಿಲಿಗೆ ಕಬ್ಬಿಣದ ಸಲಾಕೆಗಳು ಒರಗಿದ್ದವು. ಬೇಕರಿಯವನು ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಗಾಜಿನ ಚೂರು ಗುಡಿಸುತ್ತಿದ್ದ. ಕಿಟಕಿಯ ಹಿಂದಿನ ಬ್ರೆಡ್ಡಿನ ತಟ್ಟೆಯನ್ನು ಹಾಗೇ ಬಿಟ್ಟಿದ್ದ. ತಟ್ಟೆಯಲ್ಲಿ ಚೂರುಗಳ ನಡುವೆ ಮುಷ್ಟಿಗಾತ್ರದ ಒಂದು ಬೂದುಬಣ್ಣದ ಉಂಡೆ. ನಡುವೆ ಹೆಬ್ಬೆಟ್ಟಿನ ಗುರುತು.

ಸೊಸೆ ಆ ಗುರುತನ್ನೇ ನೋಡಿದಳು. ಊರಲ್ಲಿ ಕಲ್ಲಿಗೇನು ಬರವೇ. ಕಲ್ಲು ಎಸೆಯಬೇಕಾದಲ್ಲಿ ಒಣಗಿದ ಪುಟ್ಟಿ ಎಸೆಯುವ ದಡ್ಡ ಇಡೀ ಊರಲ್ಲಿ ಒಂದೇ ಮನೆಯಲ್ಲಿ ಹುಟ್ಟಲು ಸಾಧ್ಯ. ಅವಳು ಅತ್ತೆಯ ಮುಖ ನೋಡಿದಳು. ಗಾಜಿನಕ್ಕ ಉಂಡೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು, ಏನೂ ಆಗದವಳಂತೆ ಚೌಕಟ್ಟಿಗೆ ಕೋಲು ಹಿಡಿದಳು. ಬೇಕರಿಯವನು ತಲೆ ಎತ್ತದೆ ಗುಡಿಸುತ್ತಲೇ ಇದ್ದ.

ಬಾಗಿಲಲ್ಲಿ ಅವನ ಅಳಿಯ ನಿಂತಿದ್ದ, ಹಿಟ್ಟಿನ ಮೂಟೆ ಒಂದೇ ಕೈಯಲ್ಲಿ ಎತ್ತುವಂಥ ಆಳು. “ಯಾರು ಅಂತ ಗೊತ್ತಾಗ್ಲಿ ಅಕ್ಕ,” ಎಂದ, ತುಂಬ ಮೆಲ್ಲಗೆ. “ಎಸೆದ ಕೈ ಆಮೇಲೆ ಅವನ ಹತ್ತಿರ ಇರಲ್ಲ.”

ಅತ್ತೆ ಸೊಸೆ ಸೇತುವೆ ದಾಟಿ ವಾಪಸು ಬಂದರು. ಮಧ್ಯಾಹ್ನ ಮಗ ಊಟಕ್ಕೆ ಬಂದು ಕೂತ. ಗಾಜಿನಕ್ಕ ಅವನ ತಟ್ಟೆಯ ಪಕ್ಕ ಉಂಡೆ ಇಟ್ಟಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತನ್ನ ಜೇಬಿಗೆ ಹೋಯಿತು.

“ಎಲ್ರೂ ಎಸೆದ್ರು ಅಮ್ಮ,” ಎಂದ. “ನನ್ನ ಕೈನೂ ತಾನಾಗೇ ಎದ್ದುಬಿಡ್ತು.”

“ತಾನಾಗೇ ಎದ್ದ ಕೈ ದಾರಿಲಿ ಬಿದ್ದ ಕಲ್ಲು ಎತ್ಕೊಳತ್ತೆ. ಇದು ಹಿತ್ತಲಿಂದ ಜೇಬಿಗೆ ಹೋಗಿ, ಡಿಪೋಗೆ ಹೋಗಿ, ಆಮೇಲೆ ಸೇತುವೆ ದಾಟಿದೆ. ಅಷ್ಟು ದೂರ ನೀನು ಏನು ಯೋಚನೆ ಮಾಡ್ಕೊಂಡು ಹೋದೆ, ಅದು ಹೇಳು.”

ಮಗ ತಟ್ಟೆ ದೂಡಿದ. “ಅಪ್ಪನ ಮೇಲೆ ಕಲ್ಲು ಎಸೆದೋನು ಯಾರು ಅಂತ ನಿನಗೆ ಗೊತ್ತಾ? ಡಿಪೋದಲ್ಲಿ ಹಳಬರೊಬ್ಬರು ನಿನ್ನೆ ಬೆಳಗ್ಗೆನೇ ಬಾಯಿಬಿಟ್ರು. ಬನ್ನು ಮಾಮ. ನಮ್ಮ ಬನ್ನು ಮಾಮ ಅಮ್ಮ. ಅಪ್ಪನ್ನ ಕೊಂದು ನನಗೆ ಬನ್ನು ತಿನ್ನಿಸಿ ತಿನ್ನಿಸಿ ಬೆಳೆಸಿದಾನೆ.”

“ಗೊತ್ತು,” ಎಂದಳು ಗಾಜಿನಕ್ಕ.

ಸೊಸೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

“ನಿಮ್ಮಪ್ಪನ್ನ ಮಣ್ಣು ಮಾಡಿ ಬಂದ ವಾರದಲ್ಲೇ ಅವನೇ ಬಂದು ಹೊಸ್ತಿಲಾಚೆ ನಿಂತು ಹೇಳಿದ. ಗುಂಪಲ್ಲಿ ಎಲ್ರೂ ಎಸೀತಿದ್ರು, ನಾನೂ ಎಸೆದೆ, ಗಾಜಿಗೆ ಎಸೆದೆ ಅಕ್ಕ, ಅವನಿಗಲ್ಲ ಅಂದ. ನನ್ನ ಕೈಲಿ ಸುತ್ತಿಗೆ ಇತ್ತು. ಹೊಡೆದಿದ್ರೆ ಊರಲ್ಲಿ ಯಾರೂ ನನ್ನ ತಪ್ಪು ಅಂತಿರ್ಲಿಲ್ಲ. ಆದ್ರೆ ಆಸ್ಪತ್ರೆ ಕಿಟಕಿ ಇನ್ನೂ ಹಾಗೇ ಇತ್ತು, ಒಳಗೆ ರೋಗಿಗಳು ನಡುಗ್ತಿದ್ರು, ನನಗೆ ಎದುರು ಹಿಡಿಯೋರು ಇರ್ಲಿಲ್ಲ. ಹಿಡಿ ಅಂದೆ. ಹಿಡಿದ. ಅವನ್ನ ಕ್ಷಮಿಸಿದೀನಾ ಅಂತ ಕೇಳ್ಬೇಡ, ನನಗೇ ಗೊತ್ತಿಲ್ಲ. ಎದುರು ಹಿಡಿದ, ನಾನು ಈ ಕಡೆ ಹಿಡಿದೆ, ನೀನು ಬೆಳೆದೆ.”

ಮಗ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತ. ಗಾಜಿನಕ್ಕ ಮುಂದುವರಿಸಿದಳು. “ನಾಳೆ ಆ ಗಾಜು ಹೋಗ್ಬೇಕು. ಪದ್ಧತಿ ನಿನಗೆ ಗೊತ್ತು.”

ಸೊಸೆಗೆ ತಡೆಯಲಾಗಲಿಲ್ಲ. “ಅತ್ತೆ, ಯಾರಿಗೂ ಗೊತ್ತಿಲ್ಲ. ಅದನ್ನ ಕಾಲುವೆಗೆ ಹಾಕ್ಬಿಡಿ, ಮುಗೀತು. ಆ ಅಳಿಯ ಏನಂದ ಅಂತ ನೀವೂ ಕೇಳಿಸ್ಕೊಂಡ್ರಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿಮಗೆ ಇರೋ ಒಬ್ಬ ಮಗನೂ ಬೇಡ್ವಾ? ನಿಮ್ಮ ಪದ್ಧತಿಗೆ ನನ್ನ ಗಂಡನ್ನ ಕೊಡ್ಬೇಕಾ?”

ಇಷ್ಟು ಮಾತನ್ನು ಅವಳು ಅತ್ತೆಯ ಮುಂದೆ ಎಂದೂ ಆಡಿರಲಿಲ್ಲ. ಬೈಗುಳಕ್ಕೆ ಕಾದಳು. ಗಾಜಿನಕ್ಕ ಬೈಯಲಿಲ್ಲ, ಉಂಡೆಯನ್ನು ತಂದು ಮಗನ ಮುಂದಿನ ಕಿಟಕಿಯ ಅಡ್ಡಪಟ್ಟಿಯ ಮೇಲೆ ಇಟ್ಟಳು.

“ನನಗೂ ಹೆದರಿಕೆ ಕಣೇ. ನಿನಗಿಂತ ಜಾಸ್ತಿ. ಆದ್ರೆ ಇವತ್ತು ಇದನ್ನ ಬಚ್ಚಿಟ್ರೆ ಮುಂದಿನ ಸಲ ಇವನು ಇನ್ನೂ ಹತ್ತಿರದಿಂದ ಎಸೀತಾನೆ, ಅವರೂ ಎಸೀತಾರೆ. ಯಾರ ಕಾಲದಲ್ಲಾದ್ರೂ ಒಬ್ಬರು ಕೈ ಖಾಲಿ ಮಾಡ್ಕೊಂಡು ಹೋಗ್ಬೇಕಲ್ಲ.” ಆಮೇಲೆ ಮಗನ ಬೆನ್ನಿಗೆ ಹೇಳಿದಳು, “ನಾನು ಬಲವಂತ ಮಾಡಲ್ಲ. ನೀನು ಬರದಿದ್ರೆ ಬೆನ್ನಿಗೆ ಕಟ್ಕೊಂಡು ಒಬ್ಬಳೇ ಹೋಗ್ತೀನಿ.”

ಅವಳು ಹಾಗೆ ಹೋಗುವವಳೇ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸೊಸೆ ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಗಂಡ ಮಲಗಿಯೇ ಇದ್ದ, ಆದರೆ ನಿದ್ದೆ ಮಾಡುವವರ ಉಸಿರು ಅದಲ್ಲ.

ಬೆಳಗ್ಗೆ ಗಾಜಿನಕ್ಕ ಗಾಜನ್ನು ಚೌಕಟ್ಟಿನಿಂದ ಇಳಿಸುವಷ್ಟರಲ್ಲಿ ಮಗ ಬಂದು ಎದುರಿನ ಅಂಚು ಹಿಡಿದ. ಸೊಸೆ ಪುಟ್ಟಿಯ ಡಬ್ಬ ಎತ್ತಿಕೊಂಡು ಹಿಂದೆ ಹೊರಟಳು. ಅತ್ತೆ ಬೇಡ ಅಂದರೂ ಹೊರಡುತ್ತಿದ್ದಳು.

ದೊಡ್ಡ ಗಾಜು ಹಿಡಿದವನಿಗೆ ಕೈ ಇರುವುದಿಲ್ಲ. ಕಲ್ಲು ಬಂದರೆ ತಡೆಯಲಾಗದು, ಓಡಲಾಗದು, ಬಗ್ಗಲಾಗದು. ಸೇತುವೆಯ ಈ ತುದಿಯಲ್ಲಿ ಡಿಪೋದ ಗೆಳೆಯರು ನಿಂತಿದ್ದರು. “ಏನಪ್ಪಾ, ಅಮ್ಮ ಕಿವಿ ಹಿಂಡಿದ್ಲಾ?” ಎಂದು ಒಬ್ಬ ಕೆಣಕಿದ. ಮಗನ ಕಿವಿಗಳು ಕೆಂಪಾದವು, ಹೆಜ್ಜೆ ತಪ್ಪಲಿಲ್ಲ. ಸೇತುವೆಯ ನಡುವೆ ಗಾಳಿ ಜೋರಾಗಿತ್ತು, ಗಾಜು ಬಳುಕುತ್ತಿತ್ತು. ಮಾವ ಬಿದ್ದ ಜಾಗ ಯಾವುದೆಂದು ಸೊಸೆಗೆ ಗೊತ್ತಿತ್ತು. ಅತ್ತೆ ಅಲ್ಲಿ ನಿಲ್ಲಲಿಲ್ಲ, ಕೆಳಗೂ ನೋಡಲಿಲ್ಲ.

ಆಚೆ ತುದಿಯಲ್ಲಿ ಗುಂಪು ಅಡ್ಡ ನಿಂತಿತ್ತು. ಮುಂದೆ ಬೇಕರಿಯವನ ಅಳಿಯ, ಕೈಯಲ್ಲಿ ಕಲ್ಲು. ಪದ್ಧತಿ ಆಚೆಯವರಿಗೂ ಗೊತ್ತು, ಎದುರು ಹಿಡಿದು ಬರುವವನು ಯಾರೆಂದು ಎಲ್ಲರಿಗೂ ಗೊತ್ತು. ಆದರೂ ಅಳಿಯ ಕೇಳಿದ. “ಇವನ್ಯಾಕೆ ಹಿಡಿದಿದಾನೆ ಅಕ್ಕ?”

ಸೊಸೆ ಮನಸ್ಸಿನಲ್ಲೇ ಬೇಡಿಕೊಂಡಳು, ಅತ್ತೆ, ಇವತ್ತೊಂದು ದಿನ ಸುಳ್ಳು ಹೇಳಿ, ಸೊಸೆಗೆ ಮೈ ಸರಿಯಿಲ್ಲ, ಅದಕ್ಕೆ ಮಗ ಬಂದ ಅನ್ನಿ. ಗಾಜಿನಕ್ಕ ಗಾಜನ್ನು ಒಂದಿಷ್ಟು ಮೇಲೆತ್ತಿ ಹಿಡಿತ ಸರಿಮಾಡಿಕೊಂಡಳು. “ಒಡೆದವನು ನನ್ನ ಮಗ,” ಎಂದಳು, ಬೀದಿಗೆಲ್ಲ ಕೇಳುವ ಹಾಗೆ. “ಈಗ ಹಿಡಿದಿರೋನೂ ನನ್ನ ಮಗನೇ. ಎರಡೂ ನಂದೇ. ದಾರಿ ಬಿಡು, ಕೈ ಸೋಲ್ತಿದೆ.”

ಗಾಜಿನ ಮೂಲಕ ಸೊಸೆಗೆ ಅಳಿಯನ ಮುಖ ಕಾಣುತ್ತಿತ್ತು, ಅದರ ಮೇಲೆಯೇ ತನ್ನ ಗಂಡನ ಮುಖವೂ ಮಸುಕಾಗಿ ಕಾಣುತ್ತಿತ್ತು. ಕಲ್ಲು ಹಿಡಿದ ಕೈ ಮೇಲೆ ಬಂತು. ಗಂಡ ಕಣ್ಣು ಮುಚ್ಚಿದ, ಆದರೆ ಗಾಜು ಬಿಡಲಿಲ್ಲ.

ಗುಂಪನ್ನು ಸರಿಸಿಕೊಂಡು ಬೇಕರಿಯವನು ಬಂದ. ಸೊಂಟ ಹಿಡಿದುಕೊಂಡು, ಕುಂಟುತ್ತಾ, ಯಾರ ಮುಖವನ್ನೂ ನೋಡದೆ ಬಂದು ಗಾಜಿನ ನಡುಭಾಗಕ್ಕೆ ಕೈ ಆಸರೆ ಕೊಟ್ಟ. “ಮೊಣಕೈ ಒಳಗಿಡೋ,” ಎಂದ ಮಗನಿಗೆ. “ಹೀಗೆ ಹಿಡಿದ್ರೆ ನಿಮ್ಮಮ್ಮ ಬೈತಾಳೆ.” ಆಮೇಲೆ ಅಳಿಯನ ಕಡೆ ತಿರುಗಿ, ಹಿಟ್ಟಿನ ಮೂಟೆ ಇಳಿಸಲು ಹೇಳುವ ಅದೇ ಧ್ವನಿಯಲ್ಲಿ, “ನೀನೇನು ನೋಡ್ತಾ ನಿಂತೆ? ಹೋಗಿ ಬಾಗಿಲು ಹಿಡಿ” ಎಂದ.

ಬೇಕರಿಯ ಬಾಗಿಲಿನ ಎರಡೂ ರೆಕ್ಕೆ ಹಿಡಿಯಲು ಎರಡು ಕೈ ಬೇಕು. ಅಳಿಯ ಒಂದು ಗಳಿಗೆ ಕಲ್ಲು ಎಲ್ಲಿಡುವುದೆಂದು ತಿಳಿಯದವನಂತೆ ಅತ್ತಿತ್ತ ನೋಡಿದ. ಕೊನೆಗೆ ಅದನ್ನು ಜಗಲಿಯ ಮೇಲಿಟ್ಟು ಹೋಗಿ ಬಾಗಿಲು ಹಿಡಿದ.

ಗಾಜು ಕೂತ ಮೇಲೆ, ಗಾಜಿನಕ್ಕ ಪುಟ್ಟಿ ಮೆತ್ತುತ್ತಿದ್ದಾಗ, ಮಗ ಮುದುಕನ ಎದುರು ನಿಂತ. “ಎಸೆದದ್ದು ನಾನು,” ಎಂದ. ಅದು ಎಲ್ಲರಿಗೂ ಗೊತ್ತಿದ್ದ ಮಾತು, ಆದರೂ ಅವನೇ ಹೇಳಬೇಕಿತ್ತು.

“ಮೊನ್ನೆನೇ ಗೊತ್ತಾಯ್ತು,” ಎಂದ ಬೇಕರಿಯವನು. “ಆ ಹೆಬ್ಬೆಟ್ಟನ್ನ ಎಷ್ಟು ವರ್ಷ ನೋಡಿದೀನಿ. ನಿಮ್ಮಮ್ಮ ಬರೋ ತನಕ ತಟ್ಟೆ ಮುಟ್ಟಬೇಡಿ ಅಂತ ಮನೇಲಿ ಹೇಳಿದ್ದೆ.”

“ಮತ್ತೆ ಅಳಿಯನಿಗೆ ಯಾಕೆ ಹೇಳ್ಲಿಲ್ಲ?”

ಮುದುಕ ಗಾಜಿನಕ್ಕನ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ. “ಎದುರು ಹಿಡಿದವನು ತಾನಾಗಿ ಮೊದಲು ಬಿಡಬಾರದು ಅಂತ ಅಕ್ಕ ಕಲಿಸಿದ್ಲು,” ಎಂದ.

ಮಗ ಆಗ ಅತ್ತ. ಇಷ್ಟೆತ್ತರದ ಗಂಡಸು ಬ್ರೆಡ್ಡಿನ ಕಪಾಟಿಗೆ ಹಣೆ ಆನಿಸಿ ಅತ್ತ. ಬೇಕರಿಯವನು ಏನು ಮಾಡಬೇಕೆಂದು ತೋಚದೆ ಒಂದು ಬನ್ನು ತೆಗೆದು ಅವನ ಕೈಗಿಟ್ಟ.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ, ಸತ್ತವನು ಎದ್ದು ಬರಲಿಲ್ಲ. ಆ ವಾರ ಇನ್ನೂ ಕೆಲವು ಕಿಟಕಿಗಳು ಹೋದವು. ಆದರೆ ಅಮ್ಮ ಕಿವಿ ಹಿಂಡಿದ್ಲಾ ಎಂದು ಕೆಣಕಿದವನೇ ಒಂದು ಬೆಳಗ್ಗೆ ಕಾರ್ಖಾನೆಯ ಬಾಗಿಲಲ್ಲಿ ನಿಂತು, “ಮಾರುಕಟ್ಟೆ ದಾರಿಯ ಔಷಧಿ ಅಂಗಡಿದು ಯಾವ ಗಾಜು ಅಕ್ಕ?” ಎಂದು ನೆಲ ನೋಡುತ್ತಾ ಕೇಳಿದ. ಅವನ ಹಿಂದೆ ಇನ್ನೊಬ್ಬ ಬಂದ. ಆಚೆ ದಡದಿಂದಲೂ ಬಂದರು, ಅಳಿಯನೇ ಒಬ್ಬನನ್ನು ಕತ್ತಿನ ಪಟ್ಟಿ ಹಿಡಿದು ಕರೆತಂದ. ಆ ಚಳಿಗಾಲ ಸೇತುವೆ ಮೇಲೆ ಗಾಜು ಹಿಡಿದು ಹೋಗಿಬಂದವರನ್ನು ನೋಡಿದ್ದರೆ ಊರಿಗೆ ಊರೇ ಗಾಜಿನ ಕೆಲಸ ಕಲಿಯುತ್ತಿದೆ ಅನ್ನಿಸಬೇಕು. ಮೂರನೆಯ ಗಲಾಟೆ ಮಾರುಕಟ್ಟೆ ಮುಟ್ಟಲಿಲ್ಲ. ಎರಡನೆಯದು ಎಲ್ಲಿ ನಿಂತಿತ್ತೋ ಅದಕ್ಕಿಂತ ಎರಡು ಬೀದಿ ಹಿಂದೆಯೇ ನಿಂತಿತು. ಈ ಎರಡು ಬೀದಿಯನ್ನು ಸೊಸೆ ಹೇಳುವಾಗ ಯಾರೋ ರಾಜ್ಯ ಗೆದ್ದವರ ಹಾಗೆ ಹೇಳುತ್ತಾಳೆ, ಹೇಳಲಿ ಬಿಡಿ, ಹೇಳಬೇಕಾದದ್ದೇ.

ಬೇಕರಿಯಿಂದ ಮನೆಗೆ ಬಂದ ಆ ಸಂಜೆ ಉಳಿದ ಪುಟ್ಟಿಯನ್ನು ಗಾಜಿನಕ್ಕ ಉಂಡೆ ಕಟ್ಟಲಿಲ್ಲ. ಡಬ್ಬವನ್ನು ಸೊಸೆಯ ಕಡೆ ತಳ್ಳಿದಳು. ಸೊಸೆ ನಾದಿದಳು, ಉಂಡೆ ಕಟ್ಟಿದಳು, ನಡುವೆ ತನ್ನ ಹೆಬ್ಬೆರಳು ಒತ್ತಿ ಅತ್ತೆಯ ಮುಂದೆ ಹಿಡಿದಳು.

ಗಾಜಿನಕ್ಕ ಅದನ್ನು ತಿರುಗಿಸಿ ನೋಡಿದಳು. “ಹದ ಬಂದಿಲ್ಲ,” ಎಂದಳು. “ಇನ್ನೂ ನಾದು.” ಆಮೇಲೆ ಅದನ್ನು ಹಿತ್ತಲಿಗೆ ಎಸೆಯದೆ, ಕಿಟಕಿಯ ಅಡ್ಡಪಟ್ಟಿಯ ಮೇಲೆ, ಮಗ ಎಸೆದ ಉಂಡೆಯ ಪಕ್ಕದಲ್ಲಿ ಇಟ್ಟಳು.